ಒಂಬತ್ತು ಪ್ರತಿಶತ

ರುವೈಸ್, ಆಗಸ್ಟ್. ರಾತ್ರಿ ಎರಡಕ್ಕೂ
ಗಾಳಿ ಒದ್ದೆ ಕಂಬಳಿ. ಕನ್ನಡಕ ಒರೆಸಿದಷ್ಟೂ ಮಬ್ಬು.
ಇಂಥ ಸೆಕೆಯಲ್ಲಿ ವಾಲ್ವಿನಾಚೆಯ ಪೈಪಿಗೆ
ಬೆರಳು ದಪ್ಪ ಹಿಮ ಕೂತಿದೆ.
ತೊಂಬತ್ತು ಬಾರಿನಿಂದ ಹದಿನೈದಕ್ಕೆ
ಒಂದೇ ಹೆಜ್ಜೆಯಲ್ಲಿ ಇಳಿದ ಅನಿಲ
ಮೈಯ ಬಿಸಿಯನ್ನು ಮೆಟ್ಟಿಲಲ್ಲೇ ಮರೆತು ಬಂದಿದೆ.

"ಕೈ ಇಡು, ಮುಹಂದಿಸಾ," ಅಂದ ತಿಜಾನಿ,
ಹದಿನೇಳು ವರ್ಷ ಇದೇ ಷಿಫ್ಟು, ಊರು ಅತ್ಬರಾ.
"ಹಿಮದ ಮೇಲಲ್ಲ. ಇಲ್ಲಿ, ಮೇಲೆ."
ಗ್ಲೌಸಿನೊಳಗೆ ನಡುಕ ಹತ್ತಿತು.
ಸ್ಟೆಮ್ಮು ಏರುತ್ತದೆ,
ಏರಿದ್ದು ಹೆಚ್ಚಾಯಿತೆಂದು ಇಳಿಯುತ್ತದೆ,
ಇಳಿದದ್ದು ಹೆಚ್ಚಾಯಿತೆಂದು ಏರುತ್ತದೆ.
ಪ್ಲಾಂಟಿನವರು ಇದಕ್ಕೆ ಹಂಟಿಂಗ್ ಅನ್ನುತ್ತಾರೆ, ಬೇಟೆ.
ನನಗೆ ಕಂಡದ್ದು ನಿದ್ದೆ ಬಾರದವರ ಮಗ್ಗುಲು.

ಎಂಟಿಂಚಿನ ವಾಲ್ವು. ಅಳತೆ ಹಾಕಿದವಳು ನಾನೇ.
ಪ್ರಾಸೆಸ್ಸಿನವರು ಕೊಟ್ಟ ಹರಿವಿನಲ್ಲೇ
ಶೇಕಡಾ ಇಪ್ಪತ್ತು ಧೈರ್ಯಕ್ಕೆಂದು ಸೇರಿತ್ತು.
ಅವರ ಮೇಲಿನವರು ಹತ್ತು, ನಾಳೆಯ ಬಾವಿಗಳಿಗೆಂದು.
ನಾನು ಇನ್ನೊಂದು ಹತ್ತು, ಹೊಸಬಳ ಹೆದರಿಕೆಗೆ.
ಮಿಲಾನಿನ ಮಾರಾಟಗಾರ ಎಲ್ಲವನ್ನೂ ನೋಡಿ
"ಮುಂದಿನ ಸೈಜೇ ಇರಲಿ" ಎಂದು ನಕ್ಕಿದ್ದ.

ಗದಗಿನಲ್ಲಿ ಖಾಜೇಸಾಬರ ಹೊಲಿಗೆ ಮಷೀನಿನ ಮುಂದೆ
ಟೇಪು ಸುತ್ತಿಸಿಕೊಂಡು ನಿಂತ ಐದನೇತ್ತೆಯ ನಾನು,
ಪಕ್ಕದಲ್ಲಿ ಅವ್ವ: "ಬೆಳಿಯೂ ಹುಡುಗಿ,
ನಾಕ ಬೆರಳ ಹೆಚ್ಚಿಗಿ ಬಿಡ್ರಿ, ಬರೂ ವರ್ಷಕ್ಕೂ ಆಗ್ಲಿ."
ಆ ವರ್ಷ ಪೂರ್ತಿ ಸೊಂಟಕ್ಕೆ ಪಿನ್ನು,
ಓಡುವಾಗ ಒಂದು ಕೈ ಸ್ಕರ್ಟಿಗೆ.
ಖೊಖೊದಲ್ಲಿ ಮೊದಲು ಔಟಾಗುವುದು ನಾನೇ.
ಬರುವ ವರ್ಷ ಯೂನಿಫಾರ್ಮಿನ ಬಣ್ಣವೇ ಬದಲಾಯಿತು.

ಅನಿಲಕ್ಕೆ ನೀರಿನ ಲೆಕ್ಕ ನಡೆಯದು.
ಅದು ಹಾಯುತ್ತಲೇ ಹಿಗ್ಗುತ್ತದೆ,
ಹಿಗ್ಗಿದ್ದಕ್ಕೆ ಒಂದು ಗುಣಕ ಇಡಬೇಕು,
ಆ ಗುಣಕ ಒಂದರಿಂದ ಇಳಿಯುತ್ತ ಇಳಿಯುತ್ತ
ಮೂರರಲ್ಲಿ ಎರಡು ಪಾಲಿಗೆ ಬಂದು ನಿಂತುಬಿಡುತ್ತದೆ.
ಅಲ್ಲಿಗೆ ಗಂಟಲು ಕಟ್ಟಿತು.
ಇಕ್ಕಟ್ಟಿನಲ್ಲಿ ಸದ್ದಿನ ವೇಗ ಮುಟ್ಟಿದ ಮೇಲೆ
ಕೆಳಗೆ ಎಷ್ಟೇ ಖಾಲಿ ಮಾಡಿ, ನಿರ್ವಾತವನ್ನೇ ತಂದಿಡಿ,
ಒಂದು ಕಿಲೋ ಹೆಚ್ಚಿಗೆ ಹೋಗುವುದಿಲ್ಲ.
ಒತ್ತಡದ ಸುದ್ದಿ ನಡೆಯುವುದೂ ಸದ್ದಿನ ವೇಗದಲ್ಲೇ;
ಎದುರಿನ ಪ್ರವಾಹವೂ ಅಷ್ಟೇ ವೇಗವಾಗಿ ಬಂದರೆ
ಕೆಳಗಿನ ಸುದ್ದಿ ಮೇಲಕ್ಕೆ ಹತ್ತಲಾರದು.

ಕಾಲೇಜಿನಲ್ಲಿ ಇದನ್ನು ಬರೆದು ಪೂರ್ತಿ ಮಾರ್ಕು ತೆಗೆದಿದ್ದೆ.

ಕಂಟ್ರೋಲ್ ರೂಮಿನಲ್ಲಿ ತಿಜಾನಿ ಷಿಫ್ಟಿನ ಪುಸ್ತಕ ತೆರೆದ.
ಮೇ ಹನ್ನೊಂದು: ವಾಲ್ವು ನಡುಗುತ್ತಿದೆ, ಒಂಬತ್ತು ಪ್ರತಿಶತ.
ಮೇ ಹದಿನಾಲ್ಕು: ಅದೇ.
ಜೂನ್ ಎರಡು: ಅದೇ. ಪ್ಯಾಕಿಂಗ್ ಸೋರುತ್ತಿದೆ.
ಆಮೇಲೆ 'ಅದೇ' ಎಂಬ ಪದವನ್ನೂ ಬಿಟ್ಟು
ಎರಡು ಚುಕ್ಕೆ.
ಪ್ರತಿ ಪುಟದ ಅಡಿಗೂ ನನ್ನ ಆಫೀಸಿನ ಮೊಹರು: ನೋಡಲಾಗಿದೆ.

ಡೇಟಾಶೀಟು ಪಕ್ಕಕ್ಕಿಟ್ಟು, ಅವನ ಪುಸ್ತಕದಿಂದಲೇ
ನಿಜದ ಹರಿವು ಎತ್ತಿಕೊಂಡು ಹೊಸದಾಗಿ ಲೆಕ್ಕ ಹಾಕಿದೆ.
ಹೆದರಿಕೆಗೆಂದು ಏನೂ ಸೇರಿಸಲಿಲ್ಲ.
ಸುಳ್ಳು. ಐದು ಸೇರಿಸಿದೆ.
ಮೈ ಅದೇ ಎಂಟಿಂಚು, ಒಳಗಿನ ಟ್ರಿಮ್ ಮಾತ್ರ ಸಣ್ಣದು;
ಖಾಜೇಸಾಬರು ಬಿಚ್ಚಿ ಒಳಹೊಲಿಗೆ ಹಾಕಿದ ಹಾಗೆ.

ನವೆಂಬರಿನಲ್ಲಿ ಬಂತು. ಕೂಡಿಸಿ, ಅನಿಲ ಬಿಟ್ಟೆವು.
ಅರವತ್ತೊಂದು. ಅರವತ್ತೆರಡು. ಅರವತ್ತೆರಡು.
ಹಿಮ ಹಾಗೇ ಇದೆ, ಅದು ಇಳಿತದ ಪಾಲು, ನನ್ನದಲ್ಲ.
ತಿಜಾನಿ ಏನೂ ಅನ್ನಲಿಲ್ಲ. ಎರಡು ಲೋಟ ಕರಕ್ ಚಾ ತಂದು
ಸ್ಕ್ರೀನಿಗೆ ಬೆನ್ನು ಹಾಕಿ ಕೂತ.

ಆ ರಾತ್ರಿಯ ಪುಟದಲ್ಲಿ ವಾಲ್ವಿನ ಹೆಸರಿಲ್ಲ.
ಕೆಳಗೆ ಮೊಹರು ಬಿದ್ದಿದೆ: ನೋಡಲಾಗಿದೆ.